ಪ್ರಚಾರಕಲೆ ಮತ್ತು ಕರ್ತೃಪದ

ಈ ಸಂಸ್ಮರಣ ಸಂಚಿಕೆಗೆ ಲೇಖನವೊಂದನ್ನು ಬರೆದುಕೊಡಬೇಕೆಂದು ಸಂಪಾದಕ ಮಂಡಲಿಯವರು ಅಪೇಕ್ಷಿಸಿದಾಗ, ಹಳಗನ್ನಡ ಕಾವ್ಯವನ್ನೋ ವ್ಯಾಕರಣವನ್ನೋ ಕುರಿತು ನಾನು ಬರೆಯುವೆನೆಂದು ಅವರು ಎಣಿಸಿದ್ದರೆ ಅದು ಸಹಜವೇ. ಆದರೆ ನಾನು ಆರಿಸಿಕೊಂಡಿರುವುದು ಜಾಹೀರಾತಿನ ವಿಷಯ. ಪಂಡಿತನಿಗೆ ಜಾಹೀರಾತಿನ ಗೊಡವೆಯೇಕೆಂದು ವಾಚಕ ಮಹನೀಯರು ಹುಬ್ಬೇರಿಸಬಾರದು. ಮುಂದೆ ಓದಿದಲ್ಲಿ ಇದೂ ವ್ಯಾಕರಣದ ವಿಷಯವೇ ಎಂಬುದು ವಿದಿತವಾದೀತು.

ಹಿಂದೆ ನಮ್ಮ ಶಾಲೆಯಿಂದ ಹೊರಬಿದ್ದ ವಿದ್ಯಾರ್ಥಿಗಳು ಶಿಕ್ಷಕರೋ ಗುಮಾಸ್ತರೋ ವೈದ್ಯರೋ ಆಗುತ್ತಿದ್ದರು. ಈಗ ಕೆಲವರು ಬೆಂಗಳೂರಿನ ಪ್ರಚಾರ ಸಂಸ್ಥೆಗಳಲ್ಲಿ ಚಿತ್ರ ಬರೆಯುವ, ಮಾತು ಹೊಸೆಯುವ ಉದ್ಯೋಗ ಹಿಡಿದಿದ್ದಾರೆ. ಅಂತಹ ಸಂಸ್ಥೆಗಳಲ್ಲಿ ಒಂದು ಹೊಸ ವರ್ಗ ಹುಟ್ಟಿಕೊಂಡಿದೆ. ತಮ್ಮನ್ನು ಮೌಲ್ಯನಿಷ್ಠರೆಂದು ಕರೆದುಕೊಳ್ಳುವ ಇವರು ಸಾಬೂನು, ತಂಪು ಪಾನೀಯಗಳನ್ನು ಮಾರಿಕೊಡುವುದಕ್ಕಿಂತ ಕೆರೆಯ ರಕ್ಷಣೆ, ಕಸದ ವಿಂಗಡಣೆ, ನೇಕಾರರ ಸಹಕಾರ ಸಂಘ, ಹೆಣ್ಣುಮಕ್ಕಳ ವಿದ್ಯಾಭ್ಯಾಸ ಮುಂತಾದ ಲೋಕಹಿತದ ಕಾರ್ಯಗಳಿಗೆ ತಮ್ಮ ಕಲೆಯನ್ನು ಮೀಸಲಿಡುವೆವೆನ್ನುತ್ತಾರೆ. ಉದ್ದೇಶ ಒಳ್ಳೆಯದು. ಮಾತಿನ ಶಕ್ತಿಯನ್ನು ನಂಬಿ ಬದುಕಿದವನಾಗಿ ನಾನು ಇದನ್ನು ಮನಸಾ ಸ್ವಾಗತಿಸಿದೆನು. ಸ್ವಾಗತಿಸಿ ಮೋಸಹೋದೆನು.

ಮೂರು ವರ್ಷಗಳ ಹಿಂದಿನ ಮಾತು. ಅಂತಹದೊಂದು ಸಂಸ್ಥೆಯಲ್ಲಿರುವ ನನ್ನ ಶಿಷ್ಯನೊಬ್ಬನು ಭಿತ್ತಿಪತ್ರವೊಂದರ ಕರಡನ್ನು ತಂದು ತಿದ್ದಿಕೊಡಬೇಕೆಂದು ಕೇಳಿದನು. ನಮ್ಮ ಜಿಲ್ಲೆಯದೇ ಒಂದು ಕೆರೆಯ ವಿಷಯ. ಚಿತ್ರ ಸೊಗಸಾಗಿತ್ತು. ಅದರ ಕೆಳಗೆ, ನಮ್ಮ ಕೆರೆ ಮಲಿನವಾಗಿದೆ, ನಾವೆಲ್ಲರೂ ಸೇರಿ ಅದನ್ನು ಉಳಿಸೋಣ ಎಂಬರ್ಥದ ನಾಲ್ಕು ಸಾಲುಗಳು. ಲಕಾರ ಳಕಾರಗಳ ವ್ಯತ್ಯಾಸವನ್ನು ಸರಿಪಡಿಸಿ, ಒಂದೆರಡು ಮಹಾಪ್ರಾಣಗಳನ್ನು ಅವುಗಳ ಸ್ಥಾನದಲ್ಲಿ ಇರಿಸಿ, ಅವರು ಕೊಟ್ಟ ಗೌರವಧನವನ್ನೂ ಸ್ವೀಕರಿಸಿದೆನು. ಹಣ ಕೊಟ್ಟವರು ಯಾರೆಂದು ಕೇಳಲಿಲ್ಲ.

ಕೆಲವು ತಿಂಗಳ ತರುವಾಯ ಬಂಧುಗಳ ಮದುವೆಗೆಂದು ಆ ಊರಿಗೆ ಹೋಗಬೇಕಾಯಿತು. ಪಂಚಾಯಿತಿ ಕಟ್ಟಡದ ಗೋಡೆಯ ಮೇಲೆ ಅದೇ ಭಿತ್ತಿಪತ್ರ. ನನ್ನ ಅಕ್ಷರಶುದ್ಧಿಯನ್ನು ನಾನೇ ಮೆಚ್ಚಿಕೊಳ್ಳುತ್ತ ನಿಂತಿದ್ದಾಗ ಊರಿನ ಹಿರಿಯರೊಬ್ಬರು ಬಂದು ಕೇಳಿದರು: “ಮಾಸ್ತರ್ರ, ಈ ಬರಹ ನೀವ ತಿದ್ದೀರಿ ಅಂತ ಕೇಳೀನಿ. ಕೆರಿ ಹೊಲಸ ಮಾಡಿದವರು ನಾವೇನ್ರಿ?”

ನನಗೆ ಉತ್ತರ ತೋಚಲಿಲ್ಲ. ಅವರೇ ನನ್ನನ್ನು ಕೆರೆಯಂಗಳಕ್ಕೆ ಕರೆದೊಯ್ದು, ಮೇಲಿನಿಂದ ಬಂದು ಕೂಡುವ ಹಳ್ಳವನ್ನು ತೋರಿಸಿದರು. ನೀರು ಕಪ್ಪಗಿತ್ತು, ನೊರೆ ಕಟ್ಟಿತ್ತು. ಹಳ್ಳದ ಮೇಲ್ಭಾಗದಲ್ಲಿ ಒಂದು ಕಾರ್ಖಾನೆ. ಭಿತ್ತಿಪತ್ರಕ್ಕೆ ಹಣ ಕೊಟ್ಟವರು ಆ ಕಾರ್ಖಾನೆಯವರೇ.

ಆ ರಾತ್ರಿ ಆ ನಾಲ್ಕು ಸಾಲುಗಳನ್ನು ಮನಸ್ಸಿನಲ್ಲಿಯೇ ಬಿಡಿಸಿ ನೋಡಿದೆನು. ಶಬ್ದಮಣಿದರ್ಪಣವನ್ನು ಓದಿ ಓದಿಸಿದವನು ನಾನು. ವಾಕ್ಯವೊಂದು ಎದುರಾದರೆ ಮೊದಲು ಕ್ರಿಯಾಪದವನ್ನು ಹಿಡಿ, ಅನಂತರ ಆ ಕ್ರಿಯೆ ಯಾರದೆಂದು ಕೇಳು ಎಂದು ಎಷ್ಟು ಸಾವಿರ ಮಕ್ಕಳಿಗೆ ಹೇಳಿದ್ದೇನೆಯೋ ಲೆಕ್ಕವಿಲ್ಲ. ‘ಕೆರೆ ಮಲಿನವಾಗಿದೆ’ ಎಂಬುದು ಅಕರ್ಮಕ. ಇಲ್ಲಿ ಕೆರೆಯೇ ಕರ್ತೃವಾಗಿ ತಾನಾಗಿ ಮಲಿನವಾಗಿ ಕುಳಿತಿದೆ. ಮಲಿನ ಮಾಡಿದವನಿಗೆ ವಾಕ್ಯದಲ್ಲಿ ಸ್ಥಳವೇ ಇಲ್ಲ. ‘ಉಳಿಸೋಣ’ ಎಂಬಲ್ಲಿಯಾದರೋ ಉತ್ತಮ ಪುರುಷ ಬಹುವಚನ. ಓದುವವರೆಲ್ಲರೂ ಅದರೊಳಗೆ ಬಂದರು. ದೋಷಕ್ಕೆ ಕರ್ತೃವಿಲ್ಲ, ಪ್ರಾಯಶ್ಚಿತ್ತಕ್ಕೆ ಮಾತ್ರ ಊರೆಲ್ಲ ಕರ್ತೃ! ವ್ಯಾಕರಣದಲ್ಲಿ ಒಂದು ತಪ್ಪೂ ಇಲ್ಲದ ವಾಕ್ಯವದು. ನಾನೇ ತಿದ್ದಿದ್ದೆನಲ್ಲವೆ?

ಇದು ನಮ್ಮ ಜಿಲ್ಲೆಗೆ ಮಾತ್ರ ಸೀಮಿತವಾದ ಚಾತುರ್ಯವಲ್ಲ. ಬ್ರಿಟಿಷ್ ಪೆಟ್ರೋಲಿಯಂ ಎಂಬ ತೈಲ ಕಂಪನಿಯು 2000ದಲ್ಲಿ ತನ್ನ ಹಳೆಯ ಗುರಾಣಿಯ ಲಾಂಛನವನ್ನು ತೊರೆದು ಹಸಿರು ಹಳದಿ ವರ್ಣದ ಪುಷ್ಪಾಕಾರದ ಲಾಂಛನವನ್ನು ಧರಿಸಿತು, ಬಿ. ಪಿ. ಎಂಬ ಅಕ್ಷರಗಳಿಗೆ ಪೆಟ್ರೋಲಿಯಮ್ಮಿನ ಆಚೆಗೆ ಎಂಬ ಹೊಸ ಅರ್ಥವನ್ನು ಅದರ ಜಾಹೀರಾತುಗಳು ಹಚ್ಚಿದವು. ಆ ಪ್ರಚಾರದ ಹಿಂದೆ ಇದ್ದದ್ದು ಓಗಿಲ್ವಿ ಎಂಬ ಪ್ರಸಿದ್ಧ ಸಂಸ್ಥೆ. ಅನಂತರದ ವರ್ಷಗಳಲ್ಲಿ ಅದೇ ಪ್ರಚಾರವು ಜನಸಾಮಾನ್ಯರನ್ನು ಉದ್ದೇಶಿಸಿ, ನಿಮ್ಮ ಇಂಗಾಲದ ಹೆಜ್ಜೆಗುರುತು ಎಷ್ಟು ದೊಡ್ಡದೆಂದು ಪ್ರಶ್ನಿಸತೊಡಗಿತು. ನೆಲದಿಂದ ಎಣ್ಣೆಯನ್ನು ತೆಗೆದು ಮಾರುವವನು ದೀಪ ಹಚ್ಚುವವನ ಹೆಜ್ಜೆಯನ್ನು ಅಳೆಯುವುದು! 2010ರ ಏಪ್ರಿಲ್ ತಿಂಗಳಿನಲ್ಲಿ ಮೆಕ್ಸಿಕೋ ಕೊಲ್ಲಿಯಲ್ಲಿ ಆ ಕಂಪನಿಗಾಗಿ ಬಾವಿ ಕೊರೆಯುತ್ತಿದ್ದ ಡೀಪ್‌ವಾಟರ್ ಹೊರೈಜನ್ ಎಂಬ ನೌಕೆ ಸ್ಫೋಟಗೊಂಡು 11 ಮಂದಿ ಮಡಿದರು. 87 ದಿನಗಳ ಕಾಲ ಸಮುದ್ರಕ್ಕೆ ಎಣ್ಣೆ ಹರಿಯಿತು. ಲಾಂಛನದ ಹೂವು ಮಾತ್ರ ಬಾಡಲಿಲ್ಲ.

ಹಾಗೆಂದು ಪ್ರಚಾರಕಲೆಯನ್ನೇ ಹಳಿಯುವುದು ನನ್ನ ಉದ್ದೇಶವಲ್ಲ. ಈ ವೃತ್ತಿಯವರಲ್ಲಿಯೇ ಆತ್ಮಶೋಧನೆ ಮಾಡಿಕೊಂಡವರು ಹಿಂದಿನಿಂದಲೂ ಇದ್ದಾರೆ. 1964ರಲ್ಲಿ ಲಂಡನ್ನಿನಲ್ಲಿ ಕೆನ್ ಗಾರ್ಲೆಂಡ್ ಎಂಬ ವಿನ್ಯಾಸಕಾರನು ಸಣ್ಣದೊಂದು ಪ್ರಣಾಳಿಕೆಯನ್ನು ಬರೆದು, ಸಹಿ ಹಾಕಿದ ಒಟ್ಟು 22 ಮಂದಿಯ ಹೆಸರಿನಲ್ಲಿ 400 ಪ್ರತಿಗಳನ್ನು ಅಚ್ಚುಹಾಕಿಸಿ ಹಂಚಿದನು. ಮೊದಲ ವಿಷಯ ಮೊದಲು ಎಂಬುದು ಅದರ ಶಿರೋನಾಮೆಯ ತಾತ್ಪರ್ಯ. ಬೆಕ್ಕಿನ ಆಹಾರ, ಕೂದಲು ಬೆಳೆಸುವ ತೈಲಗಳನ್ನು ಹೊಗಳುವುದರಲ್ಲಿ ತಮ್ಮ ಕೌಶಲ್ಯ ವ್ಯರ್ಥವಾಗುತ್ತಿದೆ. ಬೀದಿಯ ಸೂಚನಾಫಲಕ, ಪುಸ್ತಕ, ಪಾಠೋಪಕರಣ ಮುಂತಾದ ಬಾಳುವ ಕೆಲಸಗಳಿಗೆ ಅದು ಸಲ್ಲಬೇಕು ಎಂಬುದು ಅವರ ಅಳಲು. ಜಾಹೀರಾತನ್ನು ಸಂಪೂರ್ಣ ನಿಲ್ಲಿಸಬೇಕೆಂದು ಅವರು ಹೇಳಲಿಲ್ಲ, ಅದು ಅಸಾಧ್ಯವೆಂಬುದನ್ನು ಬಲ್ಲವರಾಗಿದ್ದರು. 2000ದ ವೇಳೆಗೆ 33 ಮಂದಿ ಸೇರಿ ಅದನ್ನು ಹೊಸದಾಗಿ ಬರೆದು ಪ್ರಕಟಿಸಿದರು. ಇಂದಿನ ಮೌಲ್ಯನಿಷ್ಠ ಸಂಸ್ಥೆಗಳಿಗೆ ಇವರನ್ನು ಪೂರ್ವಸೂರಿಗಳೆನ್ನಬಹುದು. ಆದರೆ ಯಾವ ಕೆಲಸ ಒಳ್ಳೆಯದೆಂಬುದನ್ನು ಅವರು ವಿಚಾರಿಸಿದಷ್ಟು, ಆ ಒಳ್ಳೆಯ ಕೆಲಸಕ್ಕೆ ಹಣ ಕೊಡುವವರು ಯಾರೆಂಬುದನ್ನು ವಿಚಾರಿಸಲಿಲ್ಲ. ಆಗ ಕೆಟ್ಟವರು ಒಳ್ಳೆಯ ಕೆಲಸಕ್ಕೆ ಹಣ ಕೊಡುವ ರೂಢಿ ಇಷ್ಟು ಬಲಿತಿರಲಿಲ್ಲವೋ ಏನೋ.

ಹಣದ ಪ್ರಶ್ನೆಗೆ ನಮ್ಮ ದೇಶದಲ್ಲಿಯೇ ಒಂದು ಸುಂದರವಾದ ಉತ್ತರ ದೊರೆತಿತ್ತು. 1976ರಲ್ಲಿ ಶ್ಯಾಮ್ ಬೆನೆಗಲ್ ಅವರು ‘ಮಂಥನ್’ ಎಂಬ ಹಿಂದಿ ಚಿತ್ರವನ್ನು ನಿರ್ದೇಶಿಸಿದರು. ಬೆನೆಗಲ್ ಅವರು ಜಾಹೀರಾತು ಸಂಸ್ಥೆಗಳಲ್ಲಿ ವರ್ಷಗಟ್ಟಲೆ ದುಡಿದು ಪಳಗಿದವರೆಂಬುದನ್ನು ಇಲ್ಲಿ ನೆನೆಯಬೇಕು. ಗುಜರಾತಿನ ಹಾಲು ಉತ್ಪಾದಕರ ಸಹಕಾರ ಚಳವಳಿಯೇ ಕಥಾವಸ್ತು; ಅದರ ಕಥೆಯಲ್ಲಿ ವರ್ಗೀಸ್ ಕುರಿಯನ್ ಅವರ ಕೈಯೂ ಇತ್ತು. ಹಳ್ಳಿಗೆ ಬರುವ ಪಶುವೈದ್ಯನ ಪಾತ್ರವನ್ನು ವಹಿಸಿದವರು ನಮ್ಮ ಗಿರೀಶ ಕಾರ್ನಾಡರು. ಚಿತ್ರಕ್ಕೆ ಬಂಡವಾಳ ಬಂದದ್ದು ಐದು ಲಕ್ಷ ರೈತರಿಂದ, ತಲಾ ಎರಡು ರೂಪಾಯಿ. ಒಟ್ಟು ಹತ್ತು ಲಕ್ಷ. ಬೆಳ್ಳಿತೆರೆಯ ಮೇಲೆ ಆರಂಭದಲ್ಲಿಯೇ, ಇದನ್ನು ಅರ್ಪಿಸುತ್ತಿರುವವರು ಗುಜರಾತಿನ ಐದು ಲಕ್ಷ ರೈತರೆಂಬ ಬರಹ ಮೂಡುತ್ತದೆ. ಕರ್ತೃಪದವೆಂದರೆ ಇದು!

ಕರ್ತೃ ಸ್ಪಷ್ಟವಿದ್ದುದರಿಂದಲೇ ಚಿತ್ರದ ಒಳಗೂ ಯಾವುದನ್ನೂ ಮರೆಮಾಚಬೇಕಾಗಲಿಲ್ಲ. ಹಾಲಿಗೆ ಕಡಿಮೆ ಬೆಲೆ ಕಟ್ಟಿ ವಂಚಿಸುವ ಖಾಸಗಿ ಡೇರಿಯ ಒಡೆಯ, ಅಧಿಕಾರ ಕೈತಪ್ಪುವುದೆಂದು ಹಗೆ ಸಾಧಿಸುವ ಸರಪಂಚ, ದಲಿತರ ಕೇರಿ ಮತ್ತು ಮೇಲಿನವರ ನಡುವಣ ಬಿರುಕು, ಎಲ್ಲವೂ ಅಲ್ಲಿವೆ. ಕೊನೆಗೆ ವೈದ್ಯನಿಗೆ ವರ್ಗವಾಗುತ್ತದೆ, ಅವನು ಹೊರಟುಹೋಗುತ್ತಾನೆ. ಸಂಘವನ್ನು ಮುಂದುವರಿಸುವ ಭಾರ ಊರಿನವರದೇ. ತನ್ನ ಗೆಲುವನ್ನಷ್ಟೇ ತೋರಿಸಿಕೊಳ್ಳಲು ಹಣ ಹಾಕುವ ಯಾವ ಕಂಪನಿ ಇಂತಹ ಮುಕ್ತಾಯಕ್ಕೆ ಒಪ್ಪೀತು? ಮುಂದೆ ಇದೇ ಚಿತ್ರವನ್ನು ಬೇರೆ ಹಳ್ಳಿಗಳಿಗೆ ಕೊಂಡೊಯ್ದು ತೋರಿಸಿ ಸಹಕಾರ ತತ್ತ್ವವನ್ನು ಪ್ರಸಾರ ಮಾಡಿದರು.

ನಮ್ಮ ನಾಡಿನದೇ ಆದ ಇನ್ನೊಂದು ಉದಾಹರಣೆಯನ್ನು ಹೇಳದಿದ್ದರೆ ಪಂಡಿತನಾದದ್ದಕ್ಕೆ ಸಾರ್ಥಕವಿಲ್ಲ. 1983ರ ಸೆಪ್ಟೆಂಬರಿನಲ್ಲಿ ಉತ್ತರ ಕನ್ನಡ ಜಿಲ್ಲೆಯ ಶಿರಸಿ ತಾಲ್ಲೂಕಿನ ಸಾಲ್ಕಣಿಯ ಜನ ಕಾಡಿಗೆ ನಡೆದು, ಕಡಿಯಲೆಂದು ಗೊತ್ತುಪಡಿಸಿದ್ದ ಮರಗಳನ್ನು ಅಪ್ಪಿ ನಿಂತರು. ಹಿಮಾಲಯದಲ್ಲಿ ಹತ್ತು ವರ್ಷ ಮೊದಲು ಹುಟ್ಟಿದ್ದ ಚಿಪ್ಕೋ ಆಂದೋಲನವೇ ಪ್ರೇರಣೆ. ಇಲ್ಲಿ ಪಾಂಡುರಂಗ ಹೆಗಡೆಯವರು ಮುಂದಾಳುಗಳು. ಪಾದಯಾತ್ರೆ, ಬೀದಿನಾಟಕ, ಜನಪದ ಕುಣಿತ ಇವೇ ಅವರ ಪ್ರಚಾರ ಸಾಧನಗಳು. ಅವರು ಇಟ್ಟುಕೊಂಡ ಹೆಸರು ಅಪ್ಪಿಕೋ. ‘ಅಪ್ಪು’ ಧಾತುವಿಗೆ ‘ಕೊಳ್ಳು’ ಹತ್ತಿದಾಗ ಕ್ರಿಯೆಯ ಫಲ ಮಾಡಿದವನಿಗೇ ಸೇರುತ್ತದೆ. ಮರವನ್ನು ಅಪ್ಪುವವನೇ ಆ ಮರದಿಂದ ಬದುಕುವವನು ಎಂಬುದು ಆ ಒಂದು ಪ್ರತ್ಯಯದಲ್ಲಿದೆ. ಅವರ ಘೋಷಣೆ ಮೂರು ಪದ: ಉಳಿಸು, ಬೆಳೆಸು, ಬಳಸು. ವಾಚಕರು ದಯವಿಟ್ಟು ಇದನ್ನೊಮ್ಮೆ ಗಟ್ಟಿಯಾಗಿ ಉಚ್ಚರಿಸಿ ನೋಡಬೇಕು. ಒಂಬತ್ತೂ ಅಕ್ಷರಗಳು ಲಘು, ಪದಕ್ಕೆ ಮೂರು ಮಾತ್ರೆ, ಮೂರರಲ್ಲಿಯೂ ಎರಡನೆಯ ಅಕ್ಷರ ಳಕಾರ. ಛಂದಶ್ಶಾಸ್ತ್ರದಲ್ಲಿ ಸಿಂಹಪ್ರಾಸವೆನ್ನುವುದು ಇದನ್ನೇ. ಬೆವರು ಸುರಿಸಿ ಕಟ್ಟಿದ ಎಷ್ಟೋ ಷಟ್ಪದಿಗಳಲ್ಲಿ ಈ ಸಲೀಲತೆಯನ್ನು ನಾನು ಕಂಡಿಲ್ಲ. ಪ್ರಾಸಕ್ಕಿಂತಲೂ ಮಿಗಿಲಾದದ್ದು ಮೂರನೆಯ ಪದ. ಕಾಡಿನಿಂದ ಸೌದೆ, ಸೊಪ್ಪು, ಜೇನು ತಮಗೆ ಬೇಕೆಂಬುದನ್ನು ಅವರು ಮುಚ್ಚಿಡಲಿಲ್ಲ. ಬಳಸು ಎಂದು ಬಾಯ್ಬಿಟ್ಟು ಹೇಳಿದರು. ಸುಸ್ಥಿರ ಅಭಿವೃದ್ಧಿ ಎಂಬ ಗಡಚು ಸಮಾಸವನ್ನು ಕಂಠಪಾಠ ಮಾಡಿಸುವ ನಾವು, ಅದೇ ಅರ್ಥವನ್ನು ಹಳ್ಳಿಗರು ಮೂರು ಅಚ್ಚಗನ್ನಡ ಪದಗಳಲ್ಲಿ ಹೇಳಿ ಮುಗಿಸಿದ್ದನ್ನು ಮಕ್ಕಳಿಗೆ ತಿಳಿಸುವುದಿಲ್ಲ.

ಈಚೆಗೆ ಸರ್ಕಾರವೂ ಎಚ್ಚೆತ್ತಿದೆ. 2024ರ ಅಕ್ಟೋಬರಿನಲ್ಲಿ ಕೇಂದ್ರ ಗ್ರಾಹಕ ಸಂರಕ್ಷಣಾ ಪ್ರಾಧಿಕಾರವು ಹೊರಡಿಸಿದ ಮಾರ್ಗಸೂಚಿಯ ಮೇರೆಗೆ ಹಸಿರು, ಪರಿಸರಸ್ನೇಹಿ, ಸುಸ್ಥಿರ ಎಂಬಂತಹ ವಿಶೇಷಣಗಳನ್ನು ಆಧಾರವಿಲ್ಲದೆ ಜಾಹೀರಾತಿನಲ್ಲಿ ಬಳಸುವಂತಿಲ್ಲ. ಜಾಹೀರಾತು ಸಂಸ್ಥೆಗಳಿಗೂ ಅದು ಅನ್ವಯಿಸುತ್ತದೆ. ಅದೇ ವರ್ಷದ ಜೂನ್ ತಿಂಗಳಿನಲ್ಲಿ ವಿಶ್ವಸಂಸ್ಥೆಯ ಮಹಾಕಾರ್ಯದರ್ಶಿ ಗುಟೆರೆಸ್ ಅವರು, ಕಲ್ಲಿದ್ದಲು ಮತ್ತು ತೈಲ ಕಂಪನಿಗಳ ಹೊಸ ಕೆಲಸವನ್ನು ಒಪ್ಪಿಕೊಳ್ಳಬೇಡಿರೆಂದು ಪ್ರಚಾರ ಸಂಸ್ಥೆಗಳನ್ನು ಬಹಿರಂಗವಾಗಿ ಕೇಳಿಕೊಂಡರು. ಇವು ಉಪಯುಕ್ತವೇ. ಆದರೆ ಕಾನೂನು ವಿಶೇಷಣವನ್ನು ಹಿಡಿಯಬಲ್ಲುದು. ಇಲ್ಲದ ಕರ್ತೃಪದವನ್ನು ಅದು ಹೇಗೆ ಹಿಡಿದೀತು? ನನ್ನ ಭಿತ್ತಿಪತ್ರದಲ್ಲಿ ಹಸಿರು ಎಂಬ ಪದವೇ ಇರಲಿಲ್ಲ.

ಶಿಷ್ಯನು ಮುಂದಿನ ಸಲ ಬಂದಾಗ ಈ ಎಲ್ಲವನ್ನೂ ಹೇಳಿದೆನು. ಅವನು ತಲೆತಗ್ಗಿಸಿ ಕೇಳಿದನು, ಆಮೇಲೆ ಕೇಳಬೇಕಾದ್ದನ್ನೇ ಕೇಳಿದನು: “ಗುರುಗಳ, ರೊಕ್ಕ ಯಾರದರ ಇರಲಿ, ಕೆರಿ ಹೂಳು ತೆಗದ್ರ ಸಾಕಲ್ರಿ?”

ಇದನ್ನು ತಳ್ಳಿಹಾಕುವುದು ಸುಲಭವಲ್ಲ. ಬಡ ಊರಿಗೆ ಹೂಳೆತ್ತಲು ಹಣವೆಲ್ಲಿಂದ ಬರಬೇಕು? ದಾನಿಗಳಿಲ್ಲದೆ ಲೋಕದ ಕೆಲಸಗಳು ನಡೆಯವು. ಈ ಸಂಚಿಕೆಯಂತಹವುಗಳ ಅಚ್ಚಿನ ವೆಚ್ಚವೂ ಕೊನೆಯ ಪುಟಗಳ ಜಾಹೀರಾತುಗಳಿಂದಲೇ ಹುಟ್ಟಬೇಕು. ದಾನವನ್ನು ನಾನು ಆಕ್ಷೇಪಿಸುವುದಿಲ್ಲ. ನಮ್ಮ ಹಿರಿಯರ ದಾನಶಾಸನಗಳನ್ನು ಅವನಿಗೆ ನೆನಪಿಸಿದೆನು. ಕೆರೆಗೆ ಭೂಮಿ ಬಿಟ್ಟವನ ಹೆಸರೇನು, ಬಿಟ್ಟ ಭೂಮಿಯೆಷ್ಟು, ಅದರ ಚತುಸ್ಸೀಮೆ ಯಾವುದು, ಇದನ್ನು ಕೆಡಿಸಿದವನಿಗೆ ಯಾವ ಪಾಪ ಎಂಬುದೆಲ್ಲ ಕಲ್ಲಿನ ಮೇಲಿರುತ್ತದೆ; ಎಷ್ಟೋ ಶಾಸನಗಳಲ್ಲಿ ಬರೆದ ಕವಿಯ, ಕಂಡರಿಸಿದ ರೂವಾರಿಯ ಹೆಸರುಗಳೂ ಇರುತ್ತವೆ. ಕೊಟ್ಟವನು ಹೆಸರಾದರೆ ಕೆಡಿಸಿದವನಿಗೆ ಶಾಪ, ಎರಡೂ ಒಂದೇ ಕಲ್ಲಿನಲ್ಲಿ. ಕಾರ್ಖಾನೆಯವರು ಹೂಳೆತ್ತಿಸಲಿ, ಸಂತೋಷ. ಹಳ್ಳಕ್ಕೆ ಬಿಟ್ಟದ್ದು ತಾವೆಂದೂ ಇನ್ನು ಬಿಡುವುದಿಲ್ಲವೆಂದೂ ಭಿತ್ತಿಪತ್ರದ ಮೊದಲ ಸಾಲಿನಲ್ಲಿ ಬರೆಯಲಿ. ಆ ಒಂದು ಸಾಲಿಗೆ ಒಪ್ಪದವರ ಕೆಲಸವನ್ನು ಬಿಡುವ ಧೈರ್ಯ ನಿಮ್ಮ ಸಂಸ್ಥೆಗಿದ್ದರೆ ಮೌಲ್ಯವೆಂಬ ಮಾತನ್ನು ಬಾಗಿಲ ಮೇಲೆ ಬರೆದುಕೊಳ್ಳಿರಿ ಎಂದೆನು. ಮಾತು ಸ್ವಲ್ಪ ಕಟುವಾಯಿತೆಂದು ಅವನು ಹೋದ ಮೇಲೆ ಅನ್ನಿಸಿತು. ಗೌರವಧನವನ್ನು ಸ್ವೀಕರಿಸಿದ್ದವನು ನಾನೂ ಅಲ್ಲವೆ?

ಅವನು ಆ ಸಾಲನ್ನು ತನ್ನ ಮೇಲಿನವರ ಮುಂದಿಟ್ಟನು. ಅವರು ಅದನ್ನು ಕಾರ್ಖಾನೆಯವರ ಮುಂದಿಟ್ಟರು ಎಂಬುದು ಅವರ ಪಾಲಿಗೆ ಹೆಮ್ಮೆಯ ವಿಷಯ. ಕಾರ್ಖಾನೆಯವರು ಒಪ್ಪಲಿಲ್ಲ. ಇವರು ಆ ಕೆಲಸವನ್ನು ಬಿಟ್ಟರು, ಆ ವರ್ಷ ಇಬ್ಬರು ಹುಡುಗರನ್ನು ಸಂಸ್ಥೆಯಿಂದ ಕಳುಹಿಸಬೇಕಾಯಿತಂತೆ; ನನ್ನ ಶಿಷ್ಯನು ಹೇಗೋ ಉಳಿದುಕೊಂಡನು. ಬೇರೊಂದು ಸಂಸ್ಥೆಯವರು ಆ ಕೆಲಸವನ್ನು ಕೈಗೆತ್ತಿಕೊಂಡಿದ್ದಾರೆ. ಕಳೆದ ತಿಂಗಳು ಆ ಊರಿಗೆ ಮತ್ತೆ ಹೋಗಿದ್ದೆನು. ಹೊಸ ಭಿತ್ತಿಪತ್ರ ಹಳೆಯದಕ್ಕಿಂತ ಅಂದವಾಗಿದೆ, ಕಾಗುಣಿತವೂ ಶುದ್ಧವಾಗಿದೆ. ಹಳ್ಳದ ನೀರು ಕಪ್ಪಾಗಿಯೇ ಇದೆ. ಆ ಹಿರಿಯರು ಮನೆಯಲ್ಲಿರಲಿಲ್ಲ. ಜಿಲ್ಲಾಧಿಕಾರಿಗಳಿಗೆ ಅರ್ಜಿ ಕೊಡಲು ಹೋಗಿದ್ದಾರೆಂದು ಸೊಸೆ ಹೇಳಿದಳು. ಅರ್ಜಿಯನ್ನು ಬರೆದವರು ಯಾರೆಂದು ಕೇಳಿದೆನು. ಮೊಮ್ಮಗಳು ಬರೆದಳಂತೆ, ಎಂಟನೆಯ ತರಗತಿ. ಕರಡು ಪ್ರತಿ ಮನೆಯಲ್ಲಿತ್ತು. ಮೊದಲ ವಾಕ್ಯದಲ್ಲಿಯೇ ಕಾರ್ಖಾನೆಯ ಹೆಸರಿತ್ತು.