ಯಂತ್ರಕ್ಕೆ ಕನ್ನಡ ಬಾರದೆ?

ಅಂಗೈಯಗಲದ ಯಂತ್ರದಿಂದ ಹೊರಬರುವ ರಸೀದಿಯು ಕನ್ನಡದಲ್ಲೇಕಿಲ್ಲವೆಂದು ಕೇಳಿದರೆ, ‘ಯಂತ್ರಕ್ಕೆ ಕನ್ನಡ ಬರುವುದಿಲ್ಲ’ ಎಂಬ ಉತ್ತರ ದೊರೆಯುವುದುಂಟು. ಈ ಉತ್ತರವನ್ನು ನಾವು ಒಪ್ಪಲಾರೆವು. ಯಂತ್ರಕ್ಕೆ ಇಂಗ್ಲಿಷೂ ಬಾರದು. ಅದು ಬಲ್ಲದ್ದು ಚುಕ್ಕಿಗಳನ್ನು ಮಾತ್ರ.

ಗಣಕದಲ್ಲಿ ಅಕ್ಷರವನ್ನು ಎರಡು ಬಗೆಯಾಗಿ ಇಡಬಹುದು. ಮೊದಲನೆಯದು ರೇಖಾರೂಪ. ಇಲ್ಲಿ ಅಕ್ಷರದ ಅಂಚನ್ನು ವಕ್ರರೇಖೆಗಳ ಸಮೀಕರಣಗಳಿಂದ ವರ್ಣಿಸಿರುತ್ತದೆ. ಆದುದರಿಂದ ಅದನ್ನು ಬೇಕಾದಷ್ಟು ಹಿಗ್ಗಿಸಬಹುದು, ಕುಗ್ಗಿಸಬಹುದು. 1991ರಲ್ಲಿ ಬಳಕೆಗೆ ಬಂದ ಟ್ರೂಟೈಪ್ ಅಕ್ಷರಗಳು ಈ ಜಾತಿಯವು. ಎರಡನೆಯದು ಚುಕ್ಕಿರೂಪ. ಚೌಕಗಳ ಬಲೆಯಲ್ಲಿ ಯಾವ ಮನೆ ಕಪ್ಪು, ಯಾವ ಮನೆ ಬಿಳಿ ಎಂಬ ಪಟ್ಟಿಯೇ ಇಲ್ಲಿ ಅಕ್ಷರ. ಇದು ಒಂದೇ ಅಳತೆಗೆ ಎರಕಹೊಯ್ದ ಅಚ್ಚುಮೊಳೆಯಂತೆ.

ಮೊದಲನೆಯದರಿಂದ ಎರಡನೆಯದನ್ನು ಪಡೆಯುವ ಉಪಾಯ ಹೊಸದೇನಲ್ಲ. ಡೊನಾಲ್ಡ್ ಕ್ನೂತ್ ಅವರು ರಚಿಸಿದ ಟೆಕ್ ಮುದ್ರಣವ್ಯವಸ್ಥೆಯೊಡನೆ ಬಳಸಲು ‘ಟಿಟಿಎಫ್‌ಟುಪಿಕೆ’ ಎಂಬ ಪುಟ್ಟ ಸಾಧನವಿದೆ. ಒಂದು ಸಾಲಿನ ಆಜ್ಞೆಯಲ್ಲಿ ಅಕ್ಷರಕಡತದ ಹೆಸರನ್ನೂ ಅಂಗುಲಕ್ಕೆ ಎಷ್ಟು ಚುಕ್ಕಿಗಳೆಂಬ ಸಂಖ್ಯೆಯನ್ನೂ ಕೊಟ್ಟರೆ, ಅದು ರೇಖೆಗಳನ್ನು ಚುಕ್ಕಿಗಳನ್ನಾಗಿ ಮಾಡಿಕೊಡುತ್ತದೆ. ರಸೀದಿಯ ಯಂತ್ರಕ್ಕೂ ಬೇಕಾದುದು ಇದೇ ತತ್ತ್ವ. ಅಂತಹ ಯಂತ್ರಗಳಲ್ಲಿ ಅನೇಕವು ಚುಕ್ಕಿಚಿತ್ರವನ್ನು ಹಾಗೆಯೇ ಮುದ್ರಿಸಬಲ್ಲವು.

ಹಾಗಾದರೆ ತೊಡಕಿಲ್ಲವೆ? ಇದೆ; ಆದರೆ ಅದು ಬೇರೆ ಕಡೆ ಇದೆ. ತರೀಕೆರೆ ತಾಲ್ಲೂಕಿನ ಗಿರಿಧಾಮವೊಂದರ ಹೆಸರನ್ನೇ ಪರೀಕ್ಷೆಗೆ ತೆಗೆದುಕೊಳ್ಳೋಣ: ಕೆಮ್ಮಣ್ಣುಗುಂಡಿ. ಐದು ಅಕ್ಷರಗಳಲ್ಲಿ ಎರಡಕ್ಕೆ ಒತ್ತುಗಳಿವೆ. ಶಾಖದಿಂದ ಮುದ್ರಿಸುವ ರಸೀದಿಯಂತ್ರಗಳಲ್ಲಿ ಸಾಮಾನ್ಯವಾಗಿ ಮಿಲಿಮೀಟರಿಗೆ 8 ಚುಕ್ಕಿಗಳು. ಸಾಲಿನ ಎತ್ತರ 3 ಮಿಲಿಮೀಟರಾದರೆ ದೊರೆಯುವುದು 24 ಚುಕ್ಕಿ. ಅದರಲ್ಲಿ ಮೂರನೆಯ ಒಂದು ಭಾಗವನ್ನು ಒತ್ತಿಗೆ ಬಿಟ್ಟರೆ, ಣಕಾರದ ಒತ್ತಿನ ಸುರುಳಿಯೆಲ್ಲವೂ 8 ಚುಕ್ಕಿಗಳಲ್ಲಿ ಅಡಗಬೇಕು. ಅಂಚು ಚೌಕದ ನಡುವೆ ಹಾಯ್ದಲ್ಲಿ ಸಾಧನವು ಕಪ್ಪೋ ಬಿಳಿಯೋ ಒಂದನ್ನು ಆರಿಸಲೇಬೇಕು. ಆಯ್ಕೆ ತಪ್ಪಿದರೆ ಸುರುಳಿ ಮುಚ್ಚಿ ಒತ್ತು ಮಸಿಯ ಕಲೆಯಾಗುವುದು. ಅಂಗುಲಕ್ಕೆ 600 ಚುಕ್ಕಿಗಳ ಮುದ್ರಕದಲ್ಲಿ ಅದೇ 3 ಮಿಲಿಮೀಟರಿಗೆ ಸುಮಾರು 71 ಚುಕ್ಕಿಗಳಿರುವುದರಿಂದ ಈ ಕಷ್ಟ ಕಾಣುವುದಿಲ್ಲ.

ಆದುದರಿಂದ ಸಾಧನವು ಕೊಟ್ಟುದನ್ನು ಹಾಗೆಯೇ ಅಂಗೀಕರಿಸತಕ್ಕದ್ದಲ್ಲ. ಕನ್ನಡವನ್ನು ಬಲ್ಲ ಕಣ್ಣೊಂದು ಪ್ರತಿಯೊಂದು ಒತ್ತಕ್ಷರವನ್ನೂ ನೋಡಿ, ಇಲ್ಲೊಂದು ಚುಕ್ಕಿಯನ್ನು ತೆಗೆದು ಅಲ್ಲೊಂದನ್ನು ಇಡಬೇಕು. ಇದು ತಾಳ್ಮೆಯ ಕೆಲಸವೇ ಹೊರತು ಅಸಾಧ್ಯದ ಕೆಲಸವಲ್ಲ. ಒಮ್ಮೆ ಮಾಡಿದರೆ ಅದೇ ಅಳತೆಯ ಯಂತ್ರಗಳಿಗೆಲ್ಲ ಸಾಕು.

ಇನ್ನೊಂದು ಎಚ್ಚರಿಕೆಯೂ ಅಗತ್ಯ. ಕೆಮ್ಮಣ್ಣುಗುಂಡಿಯ ಅದಿರನ್ನು ಹಿಂದೆ ಭದ್ರಾವತಿಯ ಕಾರ್ಖಾನೆಯಲ್ಲಿ ಕರಗಿಸುತ್ತಿದ್ದರು. ಎರಕದ ಕೆಲಸ ಬಲ್ಲವರಿಗೆ ಗೊತ್ತು: ಎರಕದ ವಸ್ತು ಮುರಿದರೆ ಮಾದರಿಯಿಂದ ಮತ್ತೊಂದನ್ನು ಮಾಡಬಹುದು, ಮಾದರಿಯೇ ಕಳೆದರೆ ಉಳಿಯುವುದು ನಕಲಿನ ನಕಲು. ಚುಕ್ಕಿಗಳಿಂದ ಮೂಲರೇಖೆಯನ್ನು ಊಹಿಸಬಹುದೇ ಹೊರತು ಮರಳಿ ಪಡೆಯಲಾಗದು. ಗುಬ್ಬಿ, ನವಿಲು ಮೊದಲಾದ ಮುಕ್ತ ಅಕ್ಷರಗಳ ರೇಖಾರೂಪವು ಎಲ್ಲರಿಗೂ ದೊರೆಯುತ್ತಿರುವುದರ ಬೆಲೆ ಇಲ್ಲಿದೆ. ಸಾರ್ವಜನಿಕ ಹಣದಿಂದ ಮಾಡಿಸುವ ಅಕ್ಷರಗಳೆಲ್ಲವೂ ಹೀಗೆಯೇ ಮುಕ್ತವಾಗಿರಬೇಕು.

ರಸೀದಿಯನ್ನು ಪಡೆಯುವವನು ಅದನ್ನು ಓದಲು ಶಕ್ತನಾಗಿರಬೇಕು. ಕೊಟ್ಟ ಹಣದ ಲೆಕ್ಕವು ಅವನ ಭಾಷೆಯಲ್ಲಿರಬೇಕು. ಭೌತವಿಜ್ಞಾನವು ಇದಕ್ಕೆ ಅಡ್ಡಿಯಾಗಿಲ್ಲ. ಯಂತ್ರವನ್ನು ಕೊಳ್ಳುವ ಕಚೇರಿಗಳು ಕೊಳ್ಳುವ ಮೊದಲು ‘ಕೆಮ್ಮಣ್ಣುಗುಂಡಿ’ ಎಂದು ಮುದ್ರಿಸಿ ತೋರಿಸಿರೆಂದು ಕೇಳಲಿ.