ಅಗ್ಗದ ಫೋನೂ ಮೂರು ವರ್ಷದ ಕರಾರೂ

ಅಮೆರಿಕಾ ಸಂಯುಕ್ತ ಸಂಸ್ಥಾನದಲ್ಲಿ ಮಕ್ಕಳು ನೆಲೆಸಿರುವ ಗೃಹಸ್ಥರು ನಮ್ಮ ವಾಚಕರಲ್ಲಿ ಅನೇಕರುಂಟು. ಅಂಥವರಲ್ಲೊಬ್ಬರು ನಮಗೆ ಒಂದು ಪ್ರಶ್ನೆಯನ್ನು ಬರೆದು ಕಳುಹಿಸಿದ್ದಾರೆ. ಅವರ ಮಗಳು ಅಲ್ಲಿ ಪಡೆದ ಮೊಬೈಲ್ ಫೋನಿಗೆ 36 ತಿಂಗಳ ಕರಾರು ಇದ್ದಿತಂತೆ. ಉದ್ಯೋಗ ತಪ್ಪಿ, ಹದಿನಾಲ್ಕನೆಯ ತಿಂಗಳಲ್ಲಿ ಸ್ವದೇಶಕ್ಕೆ ಮರಳಬೇಕಾಗಿ ಬಂದಾಗ, ಪುಕ್ಕಟೆಯೆಂದು ಕೊಟ್ಟಿದ್ದ ಫೋನಿನ ಉಳಿದ ಬೆಲೆಯನ್ನೆಲ್ಲ ಕಂಪನಿಯವರು ಒಂದೇ ಸಲಕ್ಕೆ ಕೇಳಿದರಂತೆ. “ಇಲ್ಲಿ ನಾವು ಬೇಕಾದಾಗ ರೀಚಾರ್ಜ್ ಮಾಡಿಸುತ್ತೇವೆ, ಬೇಡವಾದಾಗ ಬಿಡುತ್ತೇವೆ. ಅಲ್ಲಿ ವರ್ಷಗಟ್ಟಲೆ ಕಟ್ಟುವುದು ಏತಕ್ಕೆ? ಇದು ನ್ಯಾಯವೇ?” ಎಂದು ಅವರು ಕೇಳುತ್ತಾರೆ. ಸಂಬಳ ನಿಂತುಹೋದ ಮನೆಗೆ ಇಂಥ ತಗಾದೆಯು ಸಣ್ಣ ಮಾತಲ್ಲ. ಆದಕಾರಣ ಈ ತಿಂಗಳು ಇದನ್ನೇ ವಿಚಾರಕ್ಕೆ ತೆಗೆದುಕೊಂಡಿದ್ದೇವೆ.

ಮೊದಲು ಮೂಲತತ್ತ್ವವನ್ನು ಹೇಳಿಬಿಡುವೆವು. ಈ ಕರಾರೆಂಬುದು ಬಹುಮಟ್ಟಿಗೆ ವೇಷ ಮರೆಸಿಕೊಂಡ ಸಾಲ. ಒಂದು ಉದಾಹರಣೆಯನ್ನು ನೋಡಿರಿ. 2012ರಲ್ಲಿ ಐಫೋನ್ 5 ಎಂಬ ಫೋನು ಹೊರಬಂದಾಗ, ಎರಡು ವರ್ಷದ ಕರಾರಿಗೆ ರುಜು ಹಾಕಿದವರಿಗೆ ಅದು 199 ಡಾಲರಿಗೆ ದೊರೆಯುತ್ತಿದ್ದಿತು. ಕರಾರು ಬೇಡವೆಂದವರಿಗೆ ಅದೇ ಫೋನಿನ ಬೆಲೆ 649 ಡಾಲರು. ನಡುವಿನ 450 ಡಾಲರನ್ನು ಕಂಪನಿಯು ದಾನ ಮಾಡಿತೆ? ಇಲ್ಲ. ಅದನ್ನು 24 ತಿಂಗಳಿಗೆ ಹಂಚಿದರೆ ತಿಂಗಳಿಗೆ ಹದಿನೆಂಟು ಮುಕ್ಕಾಲು ಡಾಲರಾಗುತ್ತದೆ. ಈ ಮೊತ್ತವು ತಿಂಗಳ ಬಾಡಿಗೆಯೊಳಗೆ ಸೇರಿ ವಸೂಲಾಗುತ್ತಿದ್ದಿತು. ಸಂಸ್ಕೃತದಲ್ಲಿ ಸಾಲ ಕೊಟ್ಟವನನ್ನು ಉತ್ತಮರ್ಣನೆಂದೂ ಪಡೆದವನನ್ನು ಅಧಮರ್ಣನೆಂದೂ ಕರೆಯುವರು. ಇಲ್ಲಿ ಅಧಮರ್ಣನಿಗೆ ತಾನು ಸಾಲಗಾರನೆಂಬುದೇ ತಿಳಿಯದು; ತಾನು ಅಗ್ಗಕ್ಕೆ ಕೊಂಡ ಜಾಣನೆಂದು ಅವನು ಹಿಗ್ಗುತ್ತಿರುವನು. ಕೊಟ್ಟ ಹಣ ಹಿಂದಿರುಗುವವರೆಗೆ ಗಿರಾಕಿಯು ಹೊರಟುಹೋಗದಂತೆ ನೋಡಿಕೊಳ್ಳುವುದೇ ಕರಾರಿನ ಕೆಲಸ.

ಎರಡನೆಯ ಕಾರಣವು ವ್ಯಾಪಾರದ ಸ್ವರೂಪದಲ್ಲಿಯೇ ಇದೆ. ಈ ಕಂಪನಿಗಳು ಮೊದಲು ಹಣ ಸುರಿದು ಆಮೇಲೆ ಚಿಲ್ಲರೆ ಚಿಲ್ಲರೆಯಾಗಿ ಕೂಡಿಸಿಕೊಳ್ಳತಕ್ಕವು. ಸರ್ಕಾರದಿಂದ ತರಂಗಾಂತರವನ್ನು ಹರಾಜಿನಲ್ಲಿ ಕೊಳ್ಳಬೇಕು, ಗೋಪುರಗಳನ್ನು ನಿಲ್ಲಿಸಬೇಕು. 2015ರ ಜನವರಿಯಲ್ಲಿ ಮುಗಿದ ಒಂದು ಹರಾಜಿನಲ್ಲಿ ಅಮೆರಿಕಾದ ಕಂಪನಿಗಳು ಒಟ್ಟು ಸುಮಾರು 4,490 ಕೋಟಿ ಡಾಲರುಗಳಿಗೆ ಸವಾಲು ಕೂಗಿದುವು. ನೂರು ಗಿರಾಕಿಗಳಲ್ಲಿ ತಿಂಗಳಿಗೆ ಇಬ್ಬರೇ ಬಿಟ್ಟುಹೋಗುತ್ತಾರೆಂದು ಭಾವಿಸಿರಿ. ವರ್ಷದ ಕೊನೆಗೆ ಐದರಲ್ಲಿ ಒಂದು ಪಾಲಿಗೂ ಮಿಕ್ಕಿ ಜನ ಹೋಗಿರುವರು. ಅವರ ಸ್ಥಾನಕ್ಕೆ ಹೊಸಬರನ್ನು ಕರೆತರಲು ಮತ್ತೆ ಜಾಹೀರಾತು, ಮತ್ತೆ ರಿಯಾಯಿತಿ. 2003ರ ನವೆಂಬರಿನಲ್ಲಿ ಅಲ್ಲಿಯ ಜನರಿಗೆ ಹಳೆಯ ಸಂಖ್ಯೆಯನ್ನು ಉಳಿಸಿಕೊಂಡೇ ಕಂಪನಿಯನ್ನು ಬದಲಾಯಿಸುವ ಹಕ್ಕು ದೊರೆಯಿತು. ಬಾಗಿಲು ಹೀಗೆ ತೆರೆದ ಮೇಲೆ, ಗಿರಾಕಿಯನ್ನು ಒಳಗೆ ಉಳಿಸಿಕೊಳ್ಳಲು ಕರಾರೇ ಅಗುಳಿಯಾಯಿತು.

ಹಾಗಾದರೆ ನಮ್ಮ ದೇಶದಲ್ಲಿ ಈ ಪದ್ಧತಿಯು ಏಕೆ ಬೇರೂರಲಿಲ್ಲ? ಸಾಲ ಕೊಡುವವನಿಗೆ ಸಾಲಗಾರನ ಗುಣ ತಿಳಿದಿರಬೇಕು. ಅಮೆರಿಕಾದಲ್ಲಿ ಬಹುಪಾಲು ಜನರ ಸಾಲದ ನಡತೆಯು ದಾಖಲೆಯಲ್ಲಿರುತ್ತದೆ. ಕಂಪನಿಯು ಅದನ್ನು ನೋಡಿಯೇ ಕರಾರಿಗೆ ಒಪ್ಪುತ್ತದೆ. ನಮ್ಮಲ್ಲಿಯೂ ಪ್ರಯತ್ನ ನಡೆಯದೆ ಇರಲಿಲ್ಲ. 2003ರಲ್ಲಿ ರಿಲಯನ್ಸ್ ಕಂಪನಿಯು ಮೊದಲಿಗೆ 501 ರೂಪಾಯಿ ಪಡೆದು ಫೋನನ್ನು ಕೈಗೆ ಕೊಟ್ಟು, ಉಳಿದುದನ್ನು ತಿಂಗಳ ಕಂತಿನಲ್ಲಿ ಕಟ್ಟಿರೆಂದಿತು. ಜನ ಮುಗಿಬಿದ್ದು ಕೊಂಡರು. ಆದರೆ ಬಾಕಿ ಕಟ್ಟದೆ ಬಿಟ್ಟವರೂ ಬಹಳ ಮಂದಿ. ನಮ್ಮಲ್ಲಿ ಮುಂಗಡ ಹಣದ ಪ್ರೀಪೇಯ್ಡ್ ಪದ್ಧತಿಯೇ ನೆಲೆಗೊಂಡಿತು. ಇಲ್ಲಿ ಫೋನಿನ ಬೆಲೆ ಬೇರೆ, ಮಾತಿನ ಬೆಲೆ ಬೇರೆ. ಕಂಪನಿಯು ನಮ್ಮನ್ನು ನಂಬಬೇಕಾಗಿಲ್ಲ. ನಾವೂ ಅದಕ್ಕೆ ಕಟ್ಟುಬೀಳಬೇಕಾಗಿಲ್ಲ.

ಇನ್ನು ನ್ಯಾಯದ ಮಾತು. ಕೊಟ್ಟ ಹಣವನ್ನು ಹಿಂದಕ್ಕೆ ಕೇಳುವುದು ಅನ್ಯಾಯವಲ್ಲ. ಅನ್ಯಾಯವು ಬೇರೆ ಎರಡು ಕಡೆ ಅಡಗಿದ್ದಿತು. ಎರಡು ವರ್ಷ ತುಂಬಿ ಸಾಲ ತೀರಿದ ಮೇಲೂ ತಿಂಗಳ ಬಾಡಿಗೆ ಇಳಿಯುತ್ತಿರಲಿಲ್ಲ. ಹಳೆಯ ಫೋನನ್ನೇ ಜೋಪಾನವಾಗಿ ಬಳಸುವ ಮಿತವ್ಯಯಿಯು ತೀರಿದ ಸಾಲಕ್ಕೆ ಕಂತು ಕಟ್ಟುತ್ತಲೇ ಇದ್ದನು. ಇದು ಒಂದು. ಅವಧಿಗೆ ಮೊದಲೇ ಬಿಡುವವರ ದಂಡವು ಸಾಲದ ಪ್ರಮಾಣಕ್ಕೆ ಸರಿಯಾಗಿ ಕುಗ್ಗುತ್ತಿರಲಿಲ್ಲ. ಇದು ಎರಡನೆಯದು. 2009ರ ನವೆಂಬರಿನಲ್ಲಿ ವೆರೈಜನ್ ಕಂಪನಿಯು ಸ್ಮಾರ್ಟ್‌ಫೋನುಗಳ ದಂಡವನ್ನು 175 ಡಾಲರಿನಿಂದ 350 ಡಾಲರಿಗೆ ಏರಿಸಿ, ತುಂಬಿದ ತಿಂಗಳೊಂದಕ್ಕೆ 10 ಡಾಲರಿನಂತೆ ಇಳಿಸುತ್ತೇವೆಂದಿತು. ಹಾಗೆಂದರೆ 23 ತಿಂಗಳು ತಪ್ಪದೆ ಹಣ ಕಟ್ಟಿದವನೂ ಕೊನೆಯ ತಿಂಗಳಲ್ಲಿ ಬಿಟ್ಟರೆ 120 ಡಾಲರು ತೆರಬೇಕು!

ಈ ವಿಷಯದಲ್ಲಿ ಅನೇಕ ದೇಶಗಳ ಸರ್ಕಾರಗಳು ಕೈಹಾಕಿದುವು. ಕೆನಡಾದಲ್ಲಿ ಮೂರು ವರ್ಷದ ಕರಾರುಗಳು ಬಳಕೆಯಲ್ಲಿದ್ದುವು. 2013ರ ನಿಯಮವು ಎರಡು ವರ್ಷದ ಮೇಲೆ ದಂಡವಿಲ್ಲದೆ ಬಿಡುವ ಹಕ್ಕನ್ನು ಗಿರಾಕಿಗೆ ಕೊಟ್ಟಿತು. ಜಪಾನಿನಲ್ಲಿ 9,500 ಯೆನ್ನಿನಷ್ಟಿದ್ದ ದಂಡಕ್ಕೆ 2019ರಲ್ಲಿ 1,000 ಯೆನ್ನಿನ ಮಿತಿಯನ್ನು ಹಾಕಿದರು. ಅಮೆರಿಕಾದಲ್ಲಿ ಸ್ಪರ್ಧೆಯೇ ಈ ಕೆಲಸ ಮಾಡಿತು. 2013ರ ಮಾರ್ಚಿಯಲ್ಲಿ ಟಿ-ಮೊಬೈಲ್ ಕಂಪನಿಯು ಎರಡು ವರ್ಷದ ಕರಾರನ್ನು ಕೈಬಿಟ್ಟು ಫೋನಿನ ಕಂತನ್ನೂ ಮಾತಿನ ಬಾಡಿಗೆಯನ್ನೂ ಬೇರ್ಪಡಿಸಿತು. 2015ರಲ್ಲಿ ವೆರೈಜನ್ನೂ 2016ರ ಮೊದಲಲ್ಲಿ ಎಟಿ ಅಂಡ್ ಟಿಯೂ ಅದೇ ದಾರಿಯನ್ನು ಹಿಡಿದುವು.

ಆದರೆ ಹೋದ ಕರಾರು ಬೇರೆ ವೇಷದಲ್ಲಿ ಮರಳಿ ಬಂದಿದೆ. ಈಗಿನ ಕ್ರಮವು ಹೀಗೆ: ಫೋನಿನ ಬೆಲೆ 720 ಡಾಲರೆಂದು ಇಟ್ಟುಕೊಳ್ಳೋಣ. 36 ತಿಂಗಳಿಗೆ ತಿಂಗಳೊಂದಕ್ಕೆ 20 ಡಾಲರಿನ ಕಂತು. ಅದೇ ಬಿಲ್ಲಿನಲ್ಲಿ ಕಂಪನಿಯು 20 ಡಾಲರನ್ನು ರಿಯಾಯಿತಿಯೆಂದು ಕಳೆಯುತ್ತದೆ. ಆದಕಾರಣ ಫೋನು ಪುಕ್ಕಟೆ! ಗಿರಾಕಿಯು 14 ತಿಂಗಳಿಗೆ ಬಿಟ್ಟರೆ ರಿಯಾಯಿತಿ ನಿಲ್ಲುತ್ತದೆ, ಕಂತು ನಿಲ್ಲುವುದಿಲ್ಲ. ಉಳಿದ 22 ಕಂತುಗಳ 440 ಡಾಲರು ಅವನ ತಲೆಯ ಮೇಲೆ ಬೀಳುತ್ತದೆ. ನಮ್ಮ ವಾಚಕರ ಮಗಳಿಗೆ ಒದಗಿದುದು ಈ ಬಗೆಯ ಲೆಕ್ಕವೇ. ಲೆಕ್ಕದಲ್ಲಿ ಮೋಸವಿಲ್ಲ, ದೋಷವಿರುವುದು “ಪುಕ್ಕಟೆ” ಎಂಬ ಶಬ್ದದಲ್ಲಿ. ಮೂರು ವರ್ಷ ನಿಲ್ಲುವವರಿಗೆ ಮಾತ್ರ ಅದು ನಿಜವಾದ ಮಾತು.

ನಮ್ಮವರಿಗೆ ಇಲ್ಲಿಯೇ ವಿಶೇಷ ಎಚ್ಚರಿಕೆ ಬೇಕು. ಎಚ್-1ಬಿ ವೀಸಾದ ಮೇಲೆ ಹೋದವರಿಗೆ ಉದ್ಯೋಗ ತಪ್ಪಿದರೆ ಅಲ್ಲಿ ನಿಲ್ಲಲು ಹೆಚ್ಚೆಂದರೆ 60 ದಿನಗಳ ಅವಕಾಶ. ಅಷ್ಟರಲ್ಲಿ ಬೇರೆ ಕೆಲಸ ದೊರೆಯದಿದ್ದರೆ, ಬೇರೆ ವೀಸಾಕ್ಕೂ ದಾರಿಯಿಲ್ಲದಿದ್ದರೆ, ಮರಳಲೇಬೇಕು. 60 ದಿನದ ನೆಲೆಯುಳ್ಳವರು 36 ತಿಂಗಳ ಮಾತು ಕೊಡುವಾಗ ಎರಡು ಸಲ ಯೋಚಿಸತಕ್ಕದ್ದು. ಪ್ರೀಪೇಯ್ಡ್ ಸೌಕರ್ಯವು ಅಲ್ಲಿಯೂ ಉಂಟು. ಫೋನನ್ನು ಇಲ್ಲಿಂದಲೇ ಒಯ್ಯಬಹುದು, ಇಲ್ಲವೆ ಪೂರ್ಣ ಬೆಲೆ ತೆತ್ತು ಕೊಳ್ಳಬಹುದು. ಕರಾರೇ ಅನುಕೂಲವೆಂದು ಕಂಡರೆ, ರುಜುವಿಗೆ ಮೊದಲು ಮೂರು ಪ್ರಶ್ನೆಗಳನ್ನು ಕೇಳಬೇಕು. ಕರಾರಿಲ್ಲದೆ ಈ ಫೋನಿನ ಬೆಲೆ ಎಷ್ಟು? ಇಂತಿಷ್ಟನೆಯ ತಿಂಗಳಲ್ಲಿ ಬಿಟ್ಟರೆ ನಾನು ಕೊಡತಕ್ಕದ್ದು ಎಷ್ಟು, ಮತ್ತು ಆ ಫೋನು ಬೇರೆ ಕಂಪನಿಯ ಸಿಮ್ಮಿನಲ್ಲಿ ನಡೆಯುವುದೇ? ಅವಧಿ ಮುಗಿದ ತಿಂಗಳಿನಿಂದ ಬಿಲ್ಲು ಎಷ್ಟು ಇಳಿಯುವುದು? ಉತ್ತರಗಳನ್ನು ಬಾಯಿಮಾತಿನಲ್ಲಿ ಬಿಡದೆ ಬರಹದಲ್ಲಿ ಪಡೆಯಬೇಕು. ದೂರದೇಶಕ್ಕೆ ಹೊರಟ ಮಕ್ಕಳಿಗೆ ಉಪ್ಪಿನಕಾಯಿ, ಚಟ್ನಿಪುಡಿಗಳನ್ನು ಕಟ್ಟಿಕೊಡುವಾಗ ಹಿರಿಯರು ಈ ಮೂರು ಪ್ರಶ್ನೆಗಳನ್ನೂ ಒಂದು ಚೀಟಿಯಲ್ಲಿ ಬರೆದು ಜೊತೆಗಿಡಲಿ.