ನಮ್ಮವರು ಗೆದ್ದರೆ ಸಾಲದು, ಪಂಚಾಯಿತಿಯೂ ಉಳಿಯಬೇಕು

ಕೆಂಗಲ್ ಹನುಮಂತಯ್ಯ, ರಾಮಕೃಷ್ಣ ಹೆಗಡೆ, ಎಚ್.ಡಿ. ದೇವೇಗೌಡ, ಎಚ್.ಡಿ. ಕುಮಾರಸ್ವಾಮಿ– ರಾಮನಗರ, ಚನ್ನಪಟ್ಟಣ, ಕನಕಪುರ, ಮಾಗಡಿ ಸೀಮೆಯ ಶಾಸಕರಾಗಿದ್ದುಕೊಂಡೇ ಮುಖ್ಯಮಂತ್ರಿಗಳಾಗಿ ಆಡಳಿತ ನಡೆಸಿದವರು ಇವರು. 1994ರಲ್ಲಿ ರಾಮನಗರದಿಂದ ಗೆದ್ದ ದೇವೇಗೌಡರು 1996ರ ಜೂನ್ 1ರಂದು ಪ್ರಧಾನಿಯೇ ಆದರು. ರೈತನ ಮಗ ದೆಹಲಿಯ ಗದ್ದುಗೆ ಏರಿದ ಹೆಮ್ಮೆ ಈ ನೆಲಕ್ಕೆ ಸಲ್ಲಬೇಕಾದದ್ದೇ. ಆದರೆ ನಾಯಕರು ಮೇಲೇರಿದಷ್ಟೂ ಊರಿನ ಕೈಗೆ ಅಧಿಕಾರ ಬಂತೇ ಎಂದು ಕೇಳುವವರು ಕಡಿಮೆ.

ಅಮೆರಿಕಕ್ಕೆ ಈ ಪ್ರಶ್ನೆ ಎದುರಾಗಿ ಸುಮಾರು ಇನ್ನೂರು ವರ್ಷಗಳಾದವು. ಅಲ್ಲಿನ ಮೊದಲ ಆರೂ ಅಧ್ಯಕ್ಷರು ವರ್ಜೀನಿಯಾ, ಮ್ಯಾಸಚೂಸೆಟ್ಸ್‌ನ ಗಣ್ಯರು. 1828ರಲ್ಲಿ ಗೆದ್ದ ಆಂಡ್ರ್ಯೂ ಜಾಕ್ಸನ್ ಗಡಿಸೀಮೆಯ ಬಡ ವಲಸಿಗರ ಮಗ. ಆಸ್ತಿ ಇದ್ದವರಿಗಷ್ಟೇ ಮತ ಎಂಬ ನಿಯಮ ಸಡಿಲವಾಗುತ್ತಿದ್ದ ಕಾಲವದು. ಹೊಸ ಮತದಾರರನ್ನು ಸಂಘಟಿಸಿ, ಊರೂರಲ್ಲಿ ಕಾರ್ಯಕರ್ತರಿರುವ ಪಕ್ಷವನ್ನು ಅವರ ಬೆಂಬಲಿಗರು ಕಟ್ಟಿದರು. ಜನರ ಹೆಸರಿನಲ್ಲೇ ಜಾಕ್ಸನ್ 1832ರಲ್ಲಿ ರಾಷ್ಟ್ರೀಯ ಬ್ಯಾಂಕಿನ ಮಸೂದೆಯನ್ನು ತಡೆದರು. ಆದರೆ ಗೆದ್ದ ಪಕ್ಷದವರಿಗೇ ಸರ್ಕಾರಿ ಹುದ್ದೆ ಎಂಬ ಚಾಳಿಯೂ ಅವರ ಕಾಲದಲ್ಲೇ ಬೇರೂರಿತು. ಗುಲಾಮರನ್ನು ಇಟ್ಟುಕೊಂಡಿದ್ದ ಅವರು 1830ರಲ್ಲಿ ಸಹಿ ಹಾಕಿದ ಕಾಯ್ದೆಯಿಂದ ಚೆರೋಕಿಗಳಂತಹ ಮೂಲನಿವಾಸಿಗಳು ನೆಲೆ ಕಳೆದುಕೊಂಡರು. ನಾಯಕ ಜನರ ನಡುವಿನಿಂದ ಬಂದ ಮಾತ್ರಕ್ಕೆ ಅಧಿಕಾರ ಎಲ್ಲರಿಗೂ ತಲುಪುವುದಿಲ್ಲ.

ಅದನ್ನು ತಲುಪಿಸುವ ಪ್ರಯತ್ನವೊಂದಕ್ಕೆ ಕನಕಪುರದ ನಂಟಿದೆ. 1983ರ ಜನವರಿಯಲ್ಲಿ ಮುಖ್ಯಮಂತ್ರಿಯಾದಾಗ ಹೆಗಡೆ ಶಾಸಕರಾಗಿರಲಿಲ್ಲ. ಪಿ.ಜಿ.ಆರ್. ಸಿಂಧ್ಯ ಕನಕಪುರವನ್ನು ತೆರವು ಮಾಡಿದರು, ಅಲ್ಲಿನ ಉಪಚುನಾವಣೆಯಲ್ಲಿ ಹೆಗಡೆ ಗೆದ್ದರು. ಅದೇ ವರ್ಷ ಅವರ ಸರ್ಕಾರ, ಸಚಿವ ಅಬ್ದುಲ್ ನಜೀರ್ ಸಾಬ್ ಅವರ ಮುತುವರ್ಜಿಯಲ್ಲಿ ಜಿಲ್ಲಾ ಪರಿಷತ್ತು, ಮಂಡಲ ಪಂಚಾಯಿತಿಗಳ ಕಾಯ್ದೆ ರೂಪಿಸಿತು. 1987ರ ಜನವರಿಯಲ್ಲಿ ಚುನಾವಣೆ ನಡೆದಾಗ ಶೇ 25ರಷ್ಟು ಸ್ಥಾನ ಮಹಿಳೆಯರಿಗೆ ಮೀಸಲಾಗಿತ್ತು. ಜಿಲ್ಲಾ ಪರಿಷತ್ತಿನ ಅಧ್ಯಕ್ಷರಿಗೆ ರಾಜ್ಯ ಸಚಿವರ ದರ್ಜೆ. ಹಿರಿಯ ಐಎಎಸ್ ಅಧಿಕಾರಿ ಅವರ ಕೈಕೆಳಗೆ ಮುಖ್ಯ ಕಾರ್ಯದರ್ಶಿ. ಶಾಲೆಯ ಕೊಠಡಿಗೋ ಕುಡಿಯುವ ನೀರಿಗೋ ಅರ್ಜಿ ಹಿಡಿದು ವಿಧಾನಸೌಧ ಸುತ್ತುತ್ತಿದ್ದ ಹಳ್ಳಿಯವರು, ತಾವೇ ಆರಿಸಿದವರನ್ನು ಜಿಲ್ಲೆಯಲ್ಲೇ ನಿಲ್ಲಿಸಿ ಕೇಳುವಂತಾಯಿತು.

1992ರಲ್ಲಿ ಈ ಪರಿಷತ್ತು, ಪಂಚಾಯಿತಿಗಳ ಅವಧಿ ಮುಗಿದಾಗ ಚುನಾವಣೆ ನಡೆಯಲಿಲ್ಲ, ಆಡಳಿತಾಧಿಕಾರಿಗಳು ಬಂದು ಕುಳಿತರು. ಮರುವರ್ಷ ಜಾರಿಗೆ ಬಂದ ಸಂವಿಧಾನದ 73ನೇ ತಿದ್ದುಪಡಿ, ಐದು ವರ್ಷ ಮುಗಿಯುವುದರೊಳಗೆ ಚುನಾವಣೆ ಆಗಲೇಬೇಕೆಂದಿತು. ಆದರೂ 2021ರಲ್ಲಿ ಅವಧಿ ಮುಗಿದ ಜಿಲ್ಲಾ, ತಾಲ್ಲೂಕು ಪಂಚಾಯಿತಿಗಳು ವರ್ಷಗಟ್ಟಲೆ ಚುನಾವಣೆಯಿಲ್ಲದೆ ಉಳಿದವು. ಕ್ಷೇತ್ರ ಮರುವಿಂಗಡಣೆ, ಮೀಸಲಾತಿ ಎಂದು ಕಾರಣ ಹೇಳುತ್ತಲೇ ಸರ್ಕಾರಗಳು ಕಾಲ ತಳ್ಳಿದವು. ಇದರಲ್ಲಿ ಯಾವ ಪಕ್ಷವೂ ಕೈತೊಳೆದುಕೊಳ್ಳುವಂತಿಲ್ಲ. ಹಳ್ಳಿಯ ಹೆಣ್ಣುಮಗಳು ರಾಜಕೀಯಕ್ಕೆ ಕಾಲಿಡುವ ಮೆಟ್ಟಿಲನ್ನೇ ಕಿತ್ತು, ಮಹಿಳಾ ಸಬಲೀಕರಣದ ಭಾಷಣ ಮಾಡುವುದರಲ್ಲಿ ಅರ್ಥವಿಲ್ಲ.

ಈ ಭಾಗದ ಮತದಾರರು ಯಾರಿಗೂ ಬರೆದುಕೊಟ್ಟವರಲ್ಲ. ದೇವೇಗೌಡರು ಪ್ರಧಾನಿಯಾದ ಮೇಲೆ ತೆರವಾದ ರಾಮನಗರದ ಉಪಚುನಾವಣೆಯಲ್ಲಿ ಜನತಾದಳದ ಅಂಬರೀಷ್ ಅವರನ್ನು ಬಿಟ್ಟು ಕಾಂಗ್ರೆಸ್‌ನ ಸಿ.ಎಂ. ಲಿಂಗಪ್ಪ ಅವರನ್ನು ಗೆಲ್ಲಿಸಿದರು. 2024ರಲ್ಲಿ ಕುಮಾರಸ್ವಾಮಿ ಅವರ ಮಗ ಸೋತ ಚನ್ನಪಟ್ಟಣ ಉಪಚುನಾವಣೆಯ ಫಲಿತಾಂಶವೂ ಅದನ್ನೇ ಹೇಳಿತು. ಇದೇ ಎಚ್ಚರ ಪಂಚಾಯಿತಿಯ ವಿಷಯದಲ್ಲೂ ಬೇಕು. ಮತ ಕೇಳಲು ಬರುವ ಪ್ರತಿ ನಾಯಕನನ್ನೂ, ಅವರು ಎಷ್ಟೇ ದೊಡ್ಡವರಿರಲಿ, ಜಿಲ್ಲಾ ಪಂಚಾಯಿತಿಗೆ ಚುನಾವಣೆ ಯಾವಾಗ, ಅದರ ಅನುದಾನ ಎಷ್ಟು ಎಂದು ಇಲ್ಲಿನವರು ಕೇಳಬೇಕು. ಮುಖ್ಯಮಂತ್ರಿಗಳನ್ನು ಕೊಟ್ಟ ಜನ ಪಟ್ಟುಹಿಡಿದು ಕೇಳಿದರೆ ವಿಧಾನಸೌಧ ಕಿವಿಗೊಡಲೇಬೇಕಾಗುತ್ತದೆ.